ಗೋಲಿಯೂ ಬಿಳಿಯ ಗೆರೆಯೂ

ನಾನು ಹುಡುಗನಾಗಿದ್ದಾಗ ಸಿಂಧನೂರಿನ ಬಸ್ ನಿಲ್ದಾಣದ ಹತ್ತಿರ ಒಂದು ಸೋಡಾ ಅಂಗಡಿಯಿತ್ತು. ಅಂಗಡಿಯೆಂದರೆ ನಾಲ್ಕು ತಗಡು, ಒಂದು ಗೋಣಿತಟ್ಟಿನ ನೆರಳು, ಮರದ ಖಾನೆಗಳಲ್ಲಿ ಸಾಲಾಗಿ ನಿಂತ ಹಸಿರು ಛಾಯೆಯ ಸೀಸೆಗಳು. ಬೇಸಗೆಯಲ್ಲಿ ಬಸ್ಸಿಳಿದವನ ಕಾಲು ತಾನಾಗಿಯೇ ಅತ್ತ ಹೊರಳುತ್ತಿತ್ತು. ಅಂಗಡಿಯಾತ ಸೀಸೆಯ ಬಾಯಿಗೆ ಮರದ ತುಂಡೊಂದನ್ನಿಟ್ಟು ಅಂಗೈಯಿಂದ ಗುದ್ದಿದರೆ ಕೀಚೆಂದು ಸದ್ದಾಗಿ ಗೋಲಿ ಒಳಗೆ ಬೀಳುತ್ತಿತ್ತು, ನೊರೆ ಉಕ್ಕುತ್ತಿತ್ತು. “ಕುಡದು ಸೀಸೆ ಇಲ್ಲೇ ಇಡಬೇಕ್ ನೋಡ್ ತಮ್ಮಾ” ಎಂದು ಆತ ಪ್ರತಿಸಲವೂ ಹೇಳುವನು. ನಮಗೆ ಬೇಕಾಗಿದ್ದುದು ಸೋಡಾ ಅಲ್ಲ, ಒಳಗಿನ ಗೋಲಿ ಎಂಬುದು ಆತನಿಗೆ ತಿಳಿದಿತ್ತು.

ದೊಡ್ಡವನಾದ ಮೇಲೆ ಈ ಗೋಲಿಯನ್ನು ಮರೆತುಬಿಟ್ಟಿದ್ದೆ. ಅದನ್ನು ಮತ್ತೆ ನೆನಪಿಗೆ ತಂದದ್ದು ಒಂದು ಕೆಟ್ಟ ರಾತ್ರಿ.

ಕೆಲವು ವರ್ಷಗಳ ಹಿಂದೆ, ಶ್ರಾವಣದಲ್ಲಿ, ಲಿಂಗಸುಗೂರಿನ ನೆಂಟರ ಮನೆಯಲ್ಲಿ ಊಟ ಮುಗಿಸಿಕೊಂಡು ನಾನೂ ನಮ್ಮ ಭಾವನವರೂ ಬಾಡಿಗೆಯ ಜೀಪಿನಲ್ಲಿ ಸಿಂಧನೂರಿಗೆ ಹೊರಟೆವು. ಮಸ್ಕಿ ದಾಟುವಷ್ಟರಲ್ಲಿ ಮಳೆ ಹಿಡಿಯಿತು. ಚಾಲಕ ಹುಡುಗ ಕತ್ತು ಮುಂದಕ್ಕೆ ಚಾಚಿ, ಗಾಜನ್ನು ಬಟ್ಟೆಯಿಂದ ಒರೆಸುತ್ತ, “ಅಂಚಿನ ಗೆರಿ ಕಾಣವಲ್ದ್ರೀ ಯಜಮಾನ್ರ” ಎಂದ. ಎದುರಿನಿಂದ ಬಂದ ಲಾರಿಯ ಬೆಳಕು ನಮ್ಮ ಕಣ್ಣು ಕಟ್ಟಿತು. ಎಡಗಡೆಯ ಗಾಲಿ ಡಾಂಬರಿನಿಂದ ಇಳಿಯಿತು. ನೆನೆದ ಎರೆಮಣ್ಣು ಮನುಷ್ಯನ ಚಪ್ಪಲಿಯನ್ನೇ ಬಿಡುವುದಿಲ್ಲ, ಜೀಪನ್ನು ಬಿಟ್ಟೀತೆ? ಗಾಡಿ ಹೊಲದೊಳಕ್ಕೆ ಮಗುಚಿತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಭಾವನವರ ಮೊಣಕಾಲಿನ ಚಿಪ್ಪು ಒಡೆಯಿತು. ಅಂದಿನಿಂದ ಅವರು ತಮ್ಮ ಗದ್ದೆಯ ಕೆಸರಿಗೆ ಇಳಿದಿಲ್ಲ. ಬದುವಿನ ಮೇಲೆ ಕುರ್ಚಿ ಹಾಕಿಸಿಕೊಂಡು ಕೂಡುತ್ತಾರೆ.

ಮರುದಿನ ಬೆಳಿಗ್ಗೆ ಜೀಪು ಎತ್ತಿಸಲು ಹೋದೆ. ಮಳೆ ನಿಂತು ಬಿಸಿಲು ಬಂದಿತ್ತು. ನೋಡಿದರೆ ರಸ್ತೆಯ ಅಂಚಿನಲ್ಲಿ ಗೆರೆ ಇದೆ! ಸ್ವಲ್ಪ ಮಾಸಿದ್ದರೂ ಬಿಳುಪಾಗಿಯೇ ಇದೆ. ಬೆಳಿಗ್ಗೆ ಇರುವ ಗೆರೆ ರಾತ್ರಿ ಎಲ್ಲಿ ಹೋಗಿತ್ತು? ಈ ಪ್ರಶ್ನೆ ನನ್ನನ್ನು ಬಹಳ ದಿನ ಬಿಡಲಿಲ್ಲ. ಸಿಕ್ಕ ಪುಸ್ತಕಗಳನ್ನು ಓದಿದೆ, ಬಲ್ಲವರನ್ನು ಕೇಳಿದೆ. ಹಾಗೆ ತಿಳಿದುಬಂದ ಸಂಗತಿಗಳನ್ನು ಓದುಗರ ಮುಂದಿಡುತ್ತಿದ್ದೇನೆ.

ರಸ್ತೆಗೆ ಗೆರೆ ಎಳೆಯುವ ಕೆಲಸಕ್ಕೆ ನೂರು ವರ್ಷಕ್ಕಿಂತ ಸ್ವಲ್ಪ ಹೆಚ್ಚಿನ ಇತಿಹಾಸವಿದೆ. ಅಮೆರಿಕದ ಮಿಶಿಗನ್ ಸಂಸ್ಥಾನದ ವೇಯ್ನ್ ಕೌಂಟಿಯಲ್ಲಿ ರಸ್ತೆಗಳ ಅಧಿಕಾರಿಯಾಗಿದ್ದ ಎಡ್ವರ್ಡ್ ಹೈನ್ಸ್ ೧೯೧೧ರಲ್ಲಿ ರಸ್ತೆಯ ನಡುವೆ ಬಿಳಿಯ ಗೆರೆ ಎಳೆಯಿಸಿದ. ಸೋರುವ ಹಾಲಿನ ಗಾಡಿಯೊಂದು ದಾರಿಯುದ್ದಕ್ಕೂ ಬಿಟ್ಟುಹೋದ ಬಿಳಿಯ ಜಾಡನ್ನು ಕಂಡು ಆತನಿಗೆ ಇದು ಹೊಳೆಯಿತೆಂದು ಹೇಳುತ್ತಾರೆ. ಇಂಥ ಕಥೆಗಳನ್ನು ಪೂರ್ತಿ ನಂಬಬೇಕಾಗಿಲ್ಲ, ಆದರೆ ಹಾಲಿನ ಗಾಡಿ ಸೋರುವುದಂತೂ ಎಲ್ಲ ದೇಶದಲ್ಲೂ ಉಂಟು. ೧೯೧೭ರಲ್ಲಿ ಕ್ಯಾಲಿಫೋರ್ನಿಯದ ಇಂಡಿಯೋ ಊರಿನ ವೈದ್ಯೆ ಜೂನ್ ಮ್ಯಾಕರೋಲ್ ಎಂಬಾಕೆಯ ಕಾರನ್ನು ಎದುರಿನ ಲಾರಿಯೊಂದು ದಾರಿಯಿಂದ ಮರಳಿಗೆ ಇಳಿಸಿತು. ನಡುವೆ ಒಂದು ಗೆರೆಯಿದ್ದರೆ ಯಾರ ಪಾಲು ಎಷ್ಟೆಂದು ಇಬ್ಬರಿಗೂ ತಿಳಿಯುತ್ತಿತ್ತೆಂದು ಆಕೆ ಅಧಿಕಾರಿಗಳಿಗೆ ಹೇಳಿದಳು. ಅವರು ಕಿವಿಗೊಡಲಿಲ್ಲ. ಆಕೆ ತಾನೇ ಬಣ್ಣ ಹಿಡಿದು ರಸ್ತೆಗೆ ಗೆರೆ ಎಳೆದಳು. ಮಹಿಳಾ ಸಂಘಗಳು ಪತ್ರ ಬರೆದು ಬರೆದು ಒತ್ತಾಯಿಸಿದ ಮೇಲೆ ೧೯೨೪ರಲ್ಲಿ ಆ ಸಂಸ್ಥಾನ ಗೆರೆಯನ್ನು ಒಪ್ಪಿಕೊಂಡಿತು. ಮರಳಿಗೆ ಬಿದ್ದ ಆ ಕಾರಿನ ವಿಷಯ ಓದುವಾಗ ನನಗೆ ಮಸ್ಕಿಯ ಎರೆಯ ಹೊಲ ಕಣ್ಣಿಗೆ ಕಟ್ಟಿತು.

ನಮ್ಮ ದೇಶದಲ್ಲಿ ೧೯೩೪ರಲ್ಲಿ ಸ್ಥಾಪನೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸು ೧೯೭೦ರಲ್ಲಿ ರಸ್ತೆಯ ಗೆರೆಗಳಿಗೆಂದೇ ಒಂದು ನಿಯಮಾವಳಿಯನ್ನು ಪ್ರಕಟಿಸಿತು. ಯಾವ ಗೆರೆ ಎಷ್ಟು ಅಗಲ, ಎಲ್ಲಿ ತುಂಡು, ಎಲ್ಲಿ ಅಖಂಡ ಎಂಬುದೆಲ್ಲ ಆಗ ಗೊತ್ತಾಯಿತು.

ಗೆರೆ ಎಳೆಯುವುದಕ್ಕಿಂತ ಅಳಿಸಿದ ಗೆರೆಯ ಮೇಲೆ ಮತ್ತೆ ಎಳೆಯುವುದು ಕಷ್ಟ. ಹುಡುಗರಿಗೆ ಅಕ್ಷರ ತಿದ್ದಿಸುವವರು ಇದನ್ನು ಬಲ್ಲರು. ಹೊಸ ಗೆರೆ ಹಳೆಯದರ ಮೇಲೆ ಕೂಡಬೇಕು, ಇಲ್ಲವಾದರೆ ಎರಡು ಗೆರೆಗಳಾಗಿ ಚಾಲಕ ಯಾವುದನ್ನು ನಂಬಬೇಕೆಂದು ತಿಳಿಯದೆ ಹೋಗುತ್ತಾನೆ. ತುಂಡುಗೆರೆಯಾದರಂತೂ ಪ್ರತಿ ತುಂಡೂ ಹಳೆಯ ತುಂಡಿನ ತುದಿಯಲ್ಲೇ ಆರಂಭವಾಗಬೇಕು. ಇದಕ್ಕಾಗಿ ಪಾಶ್ಚಾತ್ಯರು ಬಣ್ಣದ ಲಾರಿಯ ಮುಂದೆ ಒಂದು ಉದ್ದವಾದ ಕೋಲನ್ನು ಚಾಚಿ, ಅದರ ತುದಿಯ ಪುಟ್ಟ ಗಾಲಿ ಹಳೆಯ ಗೆರೆಯ ಮೇಲೆಯೇ ಓಡುವಂತೆ ಲಾರಿ ನಡೆಸಿದರು. ಮುಂದೆ ಗಾಲಿಯ ಜಾಗಕ್ಕೆ ಕ್ಯಾಮರಾ ಬಂದಿತು. ನಮ್ಮಲ್ಲಿ ಹಗ್ಗವೇ ಕ್ಯಾಮರಾ. ಉದ್ದಕ್ಕೆ ಹಗ್ಗ ಎಳೆದು, ಚುಕ್ಕೆಯಿಟ್ಟು, ಕುದಿಯುವ ಬಿಳಿಯ ಪಾಕವನ್ನು ತಳ್ಳುಗಾಡಿಯಿಂದ ಬಿಡುತ್ತಾರೆ. ಅಂಟು, ಸುಣ್ಣಕಲ್ಲಿನ ಪುಡಿ, ಬಿಳಿಯ ಬಣ್ಣ ಸೇರಿದ ಆ ಪಾಕವನ್ನು ಇನ್ನೂರು ಡಿಗ್ರಿಯ ಸುಮಾರಿಗೆ ಕಾಯಿಸಬೇಕು. ರಸ್ತೆಯ ಮೇಲೆ ಅದು ಎರಡೂವರೆ ಮಿಲಿಮೀಟರಿನಷ್ಟು ದಪ್ಪ ಕೂಡುತ್ತದೆ.

ನನ್ನ ಪ್ರಶ್ನೆಗೆ ಉತ್ತರ ಕೊಟ್ಟವನು ಅಂಥ ತಳ್ಳುಗಾಡಿಯವನೇ. ಆತ ಗಾಡಿಯ ಹಿಂದಿನ ಡಬ್ಬಿಯಿಂದ ಒಂದು ಚಿಟಿಕೆ ಪುಡಿ ತೆಗೆದು ನನ್ನ ಅಂಗೈಗೆ ಹಾಕಿದ. ಸಕ್ಕರೆಗಿಂತ ನುಣುಪು, ಬಿಸಿಲಿಗೆ ಮಿನುಗುತ್ತಿತ್ತು. “ಇವು ಗಾಜಿನ ಗೋಲಿರಿ ಸರ” ಎಂದ. ಮಿಲಿಮೀಟರಿಗೂ ಕಡಿಮೆ ಗಾತ್ರದ ಗಾಜಿನ ಗೋಲಿಗಳು! ಬಿಸಿ ಗೆರೆಯ ಮೇಲೆ ಅವನ್ನು ಉದುರಿಸಿದರೆ ಅರ್ಧ ಹುಗಿದು ಅರ್ಧ ಮೇಲುಳಿಯುತ್ತವೆ. ಗಾಡಿಯ ದೀಪದ ಬೆಳಕು ಗೋಲಿಯೊಳಗೆ ಬಾಗಿ, ಹಿಂದಿನ ಬಿಳುಪಿಗೆ ಬಡಿದು, ಬಂದ ದಾರಿಯಲ್ಲೇ ಚಾಲಕನ ಕಣ್ಣಿಗೆ ಮರಳುತ್ತದೆ. ಗಾಲಿಗಳು ಉಜ್ಜಿ ಉಜ್ಜಿ ಗೋಲಿಗಳು ಕಿತ್ತುಹೋದ ಮೇಲೆ ಬರಿಯ ಬಿಳುಪು ಉಳಿಯುತ್ತದೆ. ಹಗಲು ಅದು ಕಾಣುತ್ತದೆ, ರಾತ್ರಿ ಕುರುಡಾಗುತ್ತದೆ. ಮಳೆಯ ನೀರು ಮೇಲೆ ನಿಂತರಂತೂ ಮುಗಿಯಿತು. ಹಗಲು ಬಂದು ಪರೀಕ್ಷಿಸಿ ಹೋದವರಿಗೆ ಗೆರೆ ಚೆನ್ನಾಗಿಯೇ ಕಂಡಿರಬೇಕು. ಅವರು ಸುಳ್ಳು ಬರೆದರೆಂದು ನಾನು ಹೇಳಲಾರೆ. ರಾತ್ರಿ ಬಂದು ನೋಡಲಿಲ್ಲ, ಅಷ್ಟೆ.

ಗೋಲಿಯೆಂಬ ಮಾತು ಕಿವಿಗೆ ಬಿದ್ದೊಡನೆ ಹಳೆಯ ಸೋಡಾ ಅಂಗಡಿ ನೆನಪಾಯಿತು. ದಾರಿಗೂ ದಾಹಕ್ಕೂ ಗಂಟು ಹಾಕುವುದು ವಿಚಿತ್ರವೆಂದು ಯಾರಾದರೂ ಅನ್ನಬಹುದು. ಆದರೆ ನಮ್ಮ ಜೀಪು ಮಗುಚಿದ ಹೊಲ ಮಸ್ಕಿಯ ಗುಡ್ಡಕ್ಕೆ ದೂರವಿಲ್ಲ. ಚಿನ್ನದ ನಿಕ್ಷೇಪ ಹುಡುಕುತ್ತ ಬಂದ ಬೀಡನ್ ಎಂಬ ಎಂಜಿನಿಯರಿಗೆ ೧೯೧೫ರಲ್ಲಿ ಶಾಸನ ಸಿಕ್ಕಿದ್ದು ಆ ಗುಡ್ಡದಲ್ಲಿ. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರು ಮೊದಲು ಓದಿಗೆ ಸಿಕ್ಕಿದ್ದು ಆ ಬಂಡೆಯ ಮೇಲೆ. ಅದೇ ಅರಸ ದೆಹಲಿಯ ತೋಪ್ರಾ ಕಂಬದ ಏಳನೆಯ ಶಾಸನದಲ್ಲಿ, ದಾರಿಗಳಲ್ಲಿ ಆಲದ ಮರ ನೆಡಿಸಿದ್ದನ್ನೂ ಬಾವಿ ತೋಡಿಸಿದ್ದನ್ನೂ ನೀರು ಕುಡಿಯುವ ತಾಣಗಳನ್ನು ಮಾಡಿಸಿದ್ದನ್ನೂ ಹೇಳಿಕೊಂಡಿದ್ದಾನೆ. ನಮ್ಮ ಜನ ಅರವಟ್ಟಿಗೆಯೆಂದು ಕರೆಯುವುದು ಅದನ್ನೇ ಅಲ್ಲವೆ? ಬಸ್ ನಿಲ್ದಾಣದ ಸೋಡಾ ಅಂಗಡಿ ಅರವಟ್ಟಿಗೆಯ ಮೊಮ್ಮಗ. ದುಡ್ಡು ಕೇಳುತ್ತದೆ ಎಂಬುದೊಂದೇ ವ್ಯತ್ಯಾಸ.

ಗೋಲಿಯ ಸೀಸೆಯನ್ನು ರೂಪಿಸಿದವನು ಇಂಗ್ಲೆಂಡಿನ ಹೈರಮ್ ಕಾಡ್. ೧೮೭೨ರ ಹೊತ್ತಿಗೆ ಅದು ಪೂರ್ಣರೂಪಕ್ಕೆ ಬಂದಿತು. ಸೋಡಾ ತುಂಬಿದ ಸೀಸೆಗಳ ಬಿರಡೆಯನ್ನು ಒಳಗಿನ ಅನಿಲ ಹೊರಕ್ಕೆ ತಳ್ಳುವುದೇ ಅಂದಿನವರ ದೊಡ್ಡ ತಲೆನೋವಾಗಿತ್ತು. ಕಾಡ್ ಬಿರಡೆಯನ್ನು ಒಳಗೇ ಇಟ್ಟ. ಸೀಸೆಯನ್ನು ತಲೆಕೆಳಗಾಗಿ ಹಿಡಿದು ತುಂಬಿದರೆ ಗೋಲಿ ಕತ್ತಿಗೆ ಜಾರುತ್ತದೆ, ಅನಿಲ ಅದನ್ನು ರಬ್ಬರಿನ ಬಳೆಗೆ ಒತ್ತಿ ಹಿಡಿಯುತ್ತದೆ. ಯಾವ ಒತ್ತಡ ಬಿರಡೆಯನ್ನು ಹಾರಿಸುತ್ತಿತ್ತೋ ಅದೇ ಒತ್ತಡ ಈಗ ಕಾವಲುಗಾರ. ಸುರಿಯುವಾಗ ಗೋಲಿ ಬಾಯಿಗೆ ಅಡ್ಡ ಬರದಂತೆ ಹಿಡಿದಿಡಲು ಕತ್ತಿನಲ್ಲಿ ಎರಡು ಕುಳಿಗಳೂ ಇವೆ. ತೆರೆಯಲು ಕತ್ತಿ ಚಾಕು ಬೇಡ, ತೆರೆದ ಮೇಲೆ ಬಿಸಾಡುವುದಕ್ಕೂ ಏನಿಲ್ಲ.

ತಗಡಿನ ಡಬ್ಬಿಯ ಕಥೆ ಇದಕ್ಕೆ ವಿರುದ್ಧವಾದದ್ದು. ೧೮೧೦ರಲ್ಲಿಯೇ ಪೀಟರ್ ಡುರಾಂಡ್ ಡಬ್ಬಿಗೆ ಹಕ್ಕು ಪಡೆದಿದ್ದ. ಅದನ್ನು ತೆರೆಯುವ ಸಾಧನ ಬಂದದ್ದು ೧೮೫೦ರ ದಶಕದಲ್ಲಿ! ಅಲ್ಲಿಯವರೆಗೆ ಉಳಿ ಸುತ್ತಿಗೆಗಳೇ ಗತಿ. ೧೯೩೫ರಿಂದ ಬಿಯರು ಡಬ್ಬಿಯಲ್ಲಿ ಬರತೊಡಗಿದಾಗಲೂ ತೂತು ಕೊರೆಯುವ ಕೊಕ್ಕೆ ಜೇಬಿನಲ್ಲಿರಬೇಕಾಗಿತ್ತು. ೧೯೫೯ರಲ್ಲಿ ಓಹಾಯೋದ ಡೇಟನ್ ನಗರದ ಎರ್ಮಲ್ ಫ್ರೇಜ್ ಎಂಬಾತ ವನಭೋಜನಕ್ಕೆ ಹೋದಾಗ ಆ ಕೊಕ್ಕೆಯನ್ನು ಮರೆತ, ಕಾರಿನ ಬಂಪರಿಗೆ ಡಬ್ಬಿಯನ್ನು ಒತ್ತಿ ಸೀಳಿದ. ಹತಾರ ಮಾಡುವ ಕಾರಖಾನೆಯ ಒಡೆಯನಾದ್ದರಿಂದ ಆತ ಮನೆಗೆ ಬಂದು ಸುಮ್ಮನಿರಲಿಲ್ಲ. ಮುಚ್ಚಳದ ಲೋಹವನ್ನೇ ಉಬ್ಬಿಸಿ ಮೊಳೆಯಂತೆ ಮಾಡಿ, ಅದಕ್ಕೆ ಹಿಡಿಕೆಯನ್ನು ಬಿಗಿದ. ತೂತು ಮಾಡದೆ ಮೊಳೆ ಹೊಡೆದಂತಾಯಿತು. ಹಿಡಿಕೆಯನ್ನು ಎಳೆದರೆ ಮೊದಲೇ ಗೀಚಿಟ್ಟ ಗೆರೆಯ ಉದ್ದಕ್ಕೂ ತಗಡು ಸೀಳಿ ಬರುತ್ತಿತ್ತು. ೧೯೬೩ರಲ್ಲಿ ಹಕ್ಕುಪತ್ರ ದೊರೆಯಿತು.

ಆದರೆ ಸೀಳಿದ ತುಂಡು ಕೈಯಲ್ಲಿ ಉಳಿಯಿತು. ಜನ ಅದನ್ನು ಬಿದ್ದಲ್ಲಿ ಬಿಸಾಡಿದರು. ಸಮುದ್ರತೀರಗಳಲ್ಲಿ, ಉದ್ಯಾನಗಳಲ್ಲಿ ಬರಿಗಾಲಿನವರ ಅಂಗಾಲು ಕೊಯ್ಯಿತು. ಡೇನಿಯಲ್ ಕುಡ್ಜಿಕ್ ಎಂಬಾತನ ಹೊಸ ಮುಚ್ಚಳ ೧೯೭೫ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಹಿಡಿಕೆ ಡಬ್ಬಿಗೇ ಅಂಟಿಕೊಂಡಿತು, ಸೀಳಿದ ತಗಡು ಒಳಕ್ಕೆ ಮಡಚಿಕೊಂಡಿತು. ಸಿಂಧನೂರಿನ ಹುಡುಗರು ಇಂದು ಟಪ್ಪೆಂದು ತೆರೆಯುವುದು ಆ ಬಗೆಯ ಡಬ್ಬಿಯನ್ನೇ. ಬಿರಡೆ ಒಳಕ್ಕೆ ಹೋಗಬೇಕು, ಹೊರಕ್ಕೆ ಬರಬಾರದೆಂದು ಕಾಡ್ ಒಂದು ನೂರು ವರ್ಷ ಮೊದಲೇ ಕಂಡುಕೊಂಡಿದ್ದ.

ಕಾಡನ ಜಾತಿಗೆ ಸೇರಿದ ಇನ್ನೊಬ್ಬನೆಂದರೆ ಯಾರ್ಕ್‌ಶೈರಿನ ಪರ್ಸಿ ಶಾ. ೧೯೩೪ರಲ್ಲಿ ಆತ ರಸ್ತೆಯಲ್ಲಿ ಹೂಳುವ ‘ಬೆಕ್ಕಿನ ಕಣ್ಣು’ಗಳಿಗೆ ಹಕ್ಕು ಪಡೆದ. ರಬ್ಬರಿನ ಗೂಡಿನಲ್ಲಿ ಗಾಜಿನ ಕಣ್ಣುಗಳು. ಗಾಡಿಯ ಗಾಲಿ ಮೇಲೆ ಹಾಯ್ದಾಗ ಗೂಡು ಕುಸಿದು ಒಳಗೆ ನಿಂತ ಮಳೆನೀರಿನಿಂದ ಕಣ್ಣನ್ನು ಒರೆಸುತ್ತದೆ. ಗೆರೆಯನ್ನು ಸವೆಸುವ ಗಾಲಿಯೇ ಇಲ್ಲಿ ಕಣ್ಣು ತೊಳೆಯುವ ಆಳು. ಬಳಿದ ಗೆರೆಗೆ ಈ ಭಾಗ್ಯವಿಲ್ಲ. ಅದು ಸವೆಯುತ್ತದೆ, ಮತ್ತೆ ಮನುಷ್ಯನೇ ಬರಬೇಕು.

ತಳ್ಳುಗಾಡಿಯವರು ನಮ್ಮ ರಸ್ತೆಗೆ ಬಂದದ್ದು ಸುಗ್ಗಿಯಲ್ಲಿ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ನಮ್ಮ ಸೀಮೆಯಲ್ಲಿ ಭತ್ತಕ್ಕೆ ಬರವಿಲ್ಲ, ಒಣಗಿಸುವ ಕಣಕ್ಕೆ ಬರ. ಡಾಂಬರಿನ ಮೇಲೆ ಭತ್ತ ಹರವಿ, ಅಂಚಿಗೆ ಕಲ್ಲಿಟ್ಟು, ಬಿಳಿಯ ಗೆರೆಯನ್ನೇ ಗಡಿಯಾಗಿ ಮಾಡಿಕೊಂಡಿದ್ದರು. ಅಲ್ಲೊಬ್ಬ ಮುದುಕಿ ಕಾವಲಿದ್ದಳು.

“ಯಮ್ಮಾ, ನೆಲ್ಲು ಸ್ವಲ್ಪ ಆಕಡಿ ಸರಸಬೇಕು, ಗೆರಿ ಹೊಡೀಬೇಕು” ಎಂದ ಗಾಡಿಯವ.

“ಮಾಡ ಹಾಕ್ಯದ ನೋಡಪ್ಪಾ. ಈಗ ಎಬ್ಬಿಸಿದ್ರ ಒಣಗೂದು ಯಾವಾಗ? ನಾಡದ್ದು ಬಾ.”

ನಾನೂ ನಡುವೆ ಬಾಯಿ ಹಾಕಿದೆ. ನಮ್ಮ ಭಾವನವರ ಮೊಣಕಾಲಿನ ಕಥೆಯನ್ನು ಹೇಳಿದೆ. ಮುದುಕಿ ಪೂರ್ತಿ ಕೇಳಿದಳು, ಲೊಚಗುಟ್ಟಿದಳು, ಕಾಲಿಗೆ ಯಾವ ಎಣ್ಣೆ ಹಚ್ಚುತ್ತಾರೆಂದು ವಿಚಾರಿಸಿದಳು. ಭತ್ತ ಮಾತ್ರ ಸರಿಸಲಿಲ್ಲ. ಗಾಡಿಯವರ ಪಾಕ ಆರುತ್ತಿತ್ತು. ಹಗ್ಗವನ್ನು ಎತ್ತಿ ಭತ್ತದ ಆಚೆ ತುದಿಗೆ ಹಾಕಿದರು, ಗೋಲಿಗಳನ್ನು ಉದುರಿಸುತ್ತ ಸಿಂಧನೂರಿನ ಕಡೆ ಸಾಗಿದರು. ನಾಡದ್ದು ಅವರು ಮರಳಿ ಬರಲಿಲ್ಲ. ಅಲ್ಲಿ ಗೆರೆ ಈಗಲೂ ಇಪ್ಪತ್ತು ಮಾರಿನಷ್ಟು ಬಿಟ್ಟುಹೋಗಿದೆ.