ಶಿವನಸಮುದ್ರದ ಲೆಕ್ಕ

ಕಡಕೊಳದಲ್ಲಿ ನಮ್ಮ ಪಕ್ಕದ ಮನೆಯ ಹುಡುಗ ಎಲೆಕ್ಟ್ರಿಕಲ್ ಡಿಪ್ಲೊಮಾ ಓದುತ್ತಿದ್ದಾನೆ. ನಾನು ಸಂಶೋಧಿಸುತ್ತಿರುವುದು ಮೈಸೂರು ಸಂಸ್ಥಾನದ ವಿದ್ಯುತ್ ಚರಿತ್ರೆ. ಹೋದ ವಾರ ಅವನಿಗೊಂದು ಲೆಕ್ಕ ಕೊಟ್ಟೆ. 4000 ಅಶ್ವಶಕ್ತಿಯನ್ನು ಮೂರು ಫೇಸಿನಲ್ಲಿ, 30,000 ವೋಲ್ಟಿಗೆ ಕಳಿಸಿದರೆ ತಂತಿಯಲ್ಲಿ ಎಷ್ಟು ಕರೆಂಟು? ಪವರ್ ಫ್ಯಾಕ್ಟರ್ ಒಂದೆಂದೇ ಇಟ್ಟುಕೋ ಎಂದೆ.

ಕ್ಯಾಲ್ಕ್ಯುಲೇಟರ್ ಒತ್ತಿ, "5168 ಕೋಟಿ ಆಂಪಿಯರ್ ಅಕ್ಕಾ" ಅಂದ. ಮುಖದಲ್ಲಿ ಅನುಮಾನದ ಸುಳಿವೂ ಇರಲಿಲ್ಲ.

ಆಗಿದ್ದಿಷ್ಟೇ: ವರ್ಗಮೂಲ ಮೂರನ್ನೂ ವೋಲ್ಟನ್ನೂ ಆವರಣದೊಳಗೆ ಹಾಕದೆ ಒತ್ತಿದ್ದ. ಯಂತ್ರ ಮೊದಲು ಭಾಗಿಸಿ ಆಮೇಲೆ 30,000ದಿಂದ ಗುಣಿಸಿತ್ತು. ಸರಿಯಾದ ಉತ್ತರ ಸುಮಾರು 57 ಆಂಪಿಯರ್.

ಲೆಕ್ಕ ಸುಮ್ಮನೆ ಕೊಟ್ಟದ್ದಲ್ಲ. 1902ರ ಜೂನ್‌ನಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿ.ಮೀ. ದೂರ, ವಿದ್ಯುತ್ ಹರಿಯಿತು. ಯೋಜನೆ ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರದು. ಬೆನ್ನಿಗೆ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ದೀಪ ಹತ್ತುವ ಮೊದಲೇ, 1901ರಲ್ಲಿ ತೀರಿಕೊಂಡಿದ್ದರು. ಅಷ್ಟು ದೂರ ತಂತಿ ಎಳೆಯುವವರಿಗೆ ಮೊದಲ ಪ್ರಶ್ನೆಯೇ ಕರೆಂಟು ಎಷ್ಟು ಎಂಬುದು. ನಷ್ಟ ಅದರ ವರ್ಗಕ್ಕೆ ತಕ್ಕಂತೆ ಏರುತ್ತದೆ.

ಆ ಕಾಲದ ಎಂಜಿನಿಯರುಗಳ ಸಾಧನ ಲಾಗರಿದಂ ಕೋಷ್ಟಕ ಮತ್ತು ಸ್ಲೈಡ್ ರೂಲ್. ಸ್ಲೈಡ್ ರೂಲ್ 5, 7, 4 ಎಂಬ ಅಂಕಿಗಳನ್ನು ಕೊಡುತ್ತದೆ. ದಶಮಾಂಶ ಬಿಂದು ಎಲ್ಲಿ ಎಂದು ಹೇಳುವುದಿಲ್ಲ. 5.74, 57.4, 574 ಇವುಗಳಲ್ಲಿ ಯಾವುದೆಂದು ಲೆಕ್ಕ ಹಾಕುವವರೇ ಮೊದಲು ಅಂದಾಜು ಮಾಡಿರಬೇಕು. 1972ರಲ್ಲಿ ಎಚ್‌ಪಿ-35 ಬಂದು ಸೈನ್, ಲಾಗ್ ಎಲ್ಲ ಅಂಗೈಗೆ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸ್ಲೈಡ್ ರೂಲ್ ಮೂಲೆ ಸೇರಿತು. ಬಿಂದು ಇಡುವ ಕೆಲಸವೂ ಯಂತ್ರದ್ದಾಯಿತು. (ಕೋಷ್ಟಕ ನೋಡಿ ಕಣ್ಣು ನೋಯಿಸಿಕೊಂಡವರು ಅದಕ್ಕಾಗಿ ಅತ್ತಿರಲಾರರು.)

"ನಿನ್ನ ಮನೆ ಫ್ಯಾನಿಗೆ ಎಷ್ಟು ಆಂಪಿಯರ್ ಬೇಕು?" ಎಂದು ಕೇಳಿದೆ. "ಅರ್ಧವೂ ಬೇಡ" ಎಂದವನು ತನ್ನ 5168 ಕೋಟಿಯನ್ನು ಇನ್ನೊಮ್ಮೆ ನೋಡಿ ನಕ್ಕ.

ಆಮೇಲೆ ಅವನೇ, "3000 ವೋಲ್ಟಿಗೆ ಕಳಿಸಿದ್ದರೆ?" ಎಂದ. ಕರೆಂಟು ಹತ್ತು ಪಟ್ಟು, ಅದೇ ತಂತಿಯಲ್ಲಿ ನಷ್ಟ ನೂರು ಪಟ್ಟು ಎಂದು ಬಾಯಲ್ಲಿ ಹೇಳಿದವಳಿಗೆ ಎದೆ ಧಸಕ್ಕೆಂದಿತು. ನನ್ನ ಅಧ್ಯಾಯದ ಕರಡಿನಲ್ಲಿ ನಷ್ಟವೂ ಹತ್ತು ಪಟ್ಟು ಎಂದೇ ಬರೆದಿದ್ದೆ. ಕ್ಯಾಲ್ಕ್ಯುಲೇಟರಿನಲ್ಲಿ ವರ್ಗದ ಗುಂಡಿ ಒತ್ತುವುದನ್ನು ಮರೆತಿದ್ದೆ. ಎರಡು ಸಲ ತಿದ್ದಿದ ಪುಟ ಅದು. ರಾತ್ರಿ ಕೂತು ಒಂದು ಸೊನ್ನೆ ಸೇರಿಸಿದೆ.