ಸಾವಿನ ತಕ್ಕಡಿ

ದೊರೆಯ ಹೆಸರು ಹೊತ್ತು ಬೌರಿಂಗ್‌ಪೇಟೆ ಆಗಿದ್ದ ಊರು ಇವತ್ತು ಬಂಗಾರಪೇಟೆ. ಈ ಸೀಮೆಯ ನಮ್ಮ ಕೇರಿಗಳ ಗಂಡಸರಿಗೆ ಎರಡು ದಾರಿಗಳಿದ್ದವು. ಕೆಲವರು ಪಟಾಲಮ್ಮಿಗೆ ಸೇರಿದರು, ಹೆಚ್ಚಿನವರು ಚಿನ್ನದ ಗಣಿಗೆ ಇಳಿದರು. ಉತ್ತರ ಆರ್ಕಾಟು, ಚಿತ್ತೂರಿನ ಕಡೆಯಿಂದ ಬಂದ ನಮ್ಮವರೂ ಅಲ್ಲಿ ಕೂಡಿಕೊಂಡರು. 1880ರಿಂದ ಜಾನ್ ಟೇಲರ್ ಕಂಪನಿ ತೋಡಿಸಿದ ಗಣಿ ಚಾಂಪಿಯನ್ ರೀಫಿನಲ್ಲಿ ಮೂರು ಕಿಲೋಮೀಟರಿಗೂ ಕೆಳಗೆ ಹೋಯಿತು. ಎರಡೂ ಕಡೆ ನಮ್ಮ ಹೆಣ ಬಿದ್ದವು. ಆದರೆ ತೂಗಿದ ತಕ್ಕಡಿ ಒಂದೇ ಅಲ್ಲ.

1971ರ ಯುದ್ಧ ಮುಗಿದ ಮೇಲೆ, 1972ರಲ್ಲಿ, ರಣದಲ್ಲಿ ಸತ್ತವನ ಹೆಂಡತಿಗೆ ಹೆಚ್ಚಿನ ಕುಟುಂಬ ಪಿಂಚಣಿ ಬಂತು. 1996ರ ನಂತರದ ಲೆಕ್ಕ ನೋಡಿ: ಯುದ್ಧದಲ್ಲಿ ಸತ್ತರೆ ಕೊನೆಯ ಸಂಬಳದಷ್ಟೇ ಪಿಂಚಣಿ; ಸೇವೆಯ ಕಾರಣಕ್ಕೆ ಸತ್ತರೆ ನೂರಕ್ಕೆ 60; ಸೇವೆಗೆ ಸಂಬಂಧವಿಲ್ಲದ ಕಾಯಿಲೆ ಎಂದು ಬರೆದರೆ ಸಾಮಾನ್ಯ ದರ 30. ಹಾಗಾಗಿ ಅಳುವ ಹೆಂಗಸಿಗೆ ಮೊದಲ ಪ್ರಶ್ನೆ, 'ಹೇಗೆ ಸತ್ತ?' ಎರಡನೆಯದು, 'ನೀನು ಅವನಿಗೆ ಏನಾಗಬೇಕು?'

ಗಣಿಯವನಿಗೆ? ಬ್ರಿಟಿಷ್ ಇಂಡಿಯಾದ 1923ರ ಕಾರ್ಮಿಕ ಪರಿಹಾರ ಕಾಯ್ದೆ ಕಟ್ಟಿದ ಬೆಲೆ 30 ತಿಂಗಳ ಕೂಲಿ ಇಲ್ಲವೇ 2,500 ರೂಪಾಯಿ, ಯಾವುದು ಕಡಿಮೆಯೋ ಅದು. ಪ್ರಾಯಕ್ಕೆ ಬಾರದ ಹುಡುಗ ಸತ್ತರೆ 200. ಒಂದೇ ಸಲದ ದುಡ್ಡು, ಲೆಕ್ಕ ಚುಕ್ತಾ. ನಮ್ಮ ಗಣಿ ಮೈಸೂರು ಸಂಸ್ಥಾನದ್ದು. ಆ ಕಾಯ್ದೆಯೂ ತಾನಾಗಿ ಇಲ್ಲಿಗೆ ಬರುವಂತಿರಲಿಲ್ಲ. 1946ರ ನವೆಂಬರಿನಲ್ಲಿ ಪೊಲೀಸರ ಗುಂಡಿಗೆ ಬಿದ್ದ ಆರು ಕೂಲಿಗಳನ್ನು ಯಾವ ತಕ್ಕಡಿಗೆ ಹಾಕೋಣ?

ಸಿಪಾಯಿಯ ಹೆಂಡತಿಗೂ ಅಂಥ ಸುಖವೇನಿರಲಿಲ್ಲ. ಶೌರ್ಯಪದಕ ಪಡೆದು ಸತ್ತವನ ಹೆಂಡತಿ ಮತ್ತೆ ಮದುವೆಯಾದರೆ ಪದಕದ ಭತ್ಯ ನಿಲ್ಲುತ್ತಿತ್ತು; ಮೈದುನನನ್ನೇ ಕಟ್ಟಿಕೊಂಡರೆ ಮಾತ್ರ ಉಳಿಯುತ್ತಿತ್ತು. ಈ ನಿಯಮ ಹೋದದ್ದು 2017ರಲ್ಲಿ.

ನಮ್ಮ ಕೇರಿಯ ಅವ್ವನೊಬ್ಬಳ ಕಾಗದ ಓದಿಕೊಡಲು ನಾವು ಕಚೇರಿಯೊಂದಕ್ಕೆ ಹೋಗಿದ್ದೆವು. ಪಟಾಲಮ್ಮಿನ ಪುಸ್ತಕದಲ್ಲಿ ಅವಳಿಗೆ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು. ಎರಡನ್ನೂ ಬರೆದವರು ಬೇರೆಯವರು. 'ಇವಳೇ ಅವಳು ಅಂತ ಯಾರಮ್ಮ ಹೇಳೋರು?' ಅಂದರು ಗುಮಾಸ್ತರು. ಅವ್ವ ಹೆಬ್ಬೆಟ್ಟು ತೋರಿಸಿದಳು.

ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ವಿಧವೆಯರ ಕಾಗದ ಮುಚ್ಚಿಲ್ಲ. ಮನೆಯಲ್ಲಿ ಮೊದಲ ಸಲ ಬಿ.ಎ. ಮಾಡಿದವರು ನಾವು. ಕೇರಿಯ ಪ್ರತಿ ಅವ್ವನ ಹೆಸರನ್ನೂ ಅವಳು ಹೇಳಿದಂತೆ ಬರೆಯುವ ಕೆಲಸ ಮೊದಲು ನಮ್ಮದು.