ಮೂರರಿಂದ ಒಂಬತ್ತರವರೆಗಿನ ಮರುಭೂಮಿ

'ಸಫಾರಿ' ಎಂದ ಕೂಡಲೇ ನಮಗೆ ನೆನಪಾಗುವುದು ಬಂಡೀಪುರ, ನಾಗರಹೊಳೆಯ ಹಸಿರು ಜೀಪು. ಹುಲಿ ಕಾಣಿಸಿತೇ, ಆನೆ ಅಡ್ಡ ಬಂತೇ ಎಂಬ ಮಾತು. ಆದರೆ ಈ ಪದ ಕಾಡಿನಲ್ಲಿ ಹುಟ್ಟಿದ್ದಲ್ಲ. ಅರಬ್ಬಿಯಲ್ಲಿ 'ಸಫರ್' ಎಂದರೆ ಪ್ರಯಾಣ. ಉರ್ದು, ದಖ್ಖನಿಯ ಮೂಲಕ ಅದು ನಮ್ಮ ಕಿವಿಗೂ ಪರಿಚಯವೇ. ಅರಬ್ ವ್ಯಾಪಾರಿಗಳ ಜೊತೆ ಪೂರ್ವ ಆಫ್ರಿಕಾದ ಕರಾವಳಿಗೆ ಇಳಿದ ಈ ಮಾತು ಅಲ್ಲಿ ಸ್ವಾಹಿಲಿಯಲ್ಲಿ 'ಸಫಾರಿ' ಆಯಿತು. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲಿಷರು ಅದನ್ನು ಎತ್ತಿಕೊಂಡರು. ಅವರ ಕೈಯಲ್ಲಿ ಬೇಟೆಯ ಅರ್ಥ ಅಂಟಿಕೊಂಡಿತು, ಬೇಟೆ ಹಿಂದೆ ಸರಿದ ಮೇಲೆ ಪ್ರವಾಸದ ಅರ್ಥ ಉಳಿಯಿತು. ಈಗ ಅದೇ ಪದ 'ಈವ್ನಿಂಗ್ ಡೆಸರ್ಟ್ ಸಫಾರಿ' ಎಂಬ ಹೆಸರಿನಲ್ಲಿ ದುಬೈಗೆ, ಅಂದರೆ ಅರಬ್ಬರ ನೆಲಕ್ಕೇ, ವೇಷ ಬದಲಿಸಿಕೊಂಡು ವಾಪಸು ಬಂದಿದೆ.

ನನ್ನ ಪಿಎಚ್‌.ಡಿ. ಅಧ್ಯಯನ ಕನ್ನಡ ಕರಾವಳಿಗೂ ಅರಬ್ ಕರಾವಳಿಗೂ ನಡುವೆ ನಡೆದ ಅಕ್ಕಿ ವ್ಯಾಪಾರದ ಬಗ್ಗೆ. ಆ ನೆಪದಲ್ಲಿ ಕಳೆದ ಚಳಿಗಾಲ ದುಬೈಗೆ ಹೋಗಿದ್ದಾಗ ಅಲ್ಲಿನ ಬಂಧುಗಳು ಈ ಸಫಾರಿಯ ಟಿಕೆಟ್ಟು ಕೊಡಿಸಿದರು. ಮಧ್ಯಾಹ್ನ ಮೂರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮರಳುವ ಕಾರ್ಯಕ್ರಮ. ಹೋಗುವವರಿಗೆ ಏನೇನು ಸಿಗುತ್ತದೆ ಎಂಬ ಪಟ್ಟಿ ಎಲ್ಲೆಲ್ಲೂ ಇದೆ: ಮರಳ ದಿಬ್ಬದ ಮೇಲೆ ಕಾರು, ಸೂರ್ಯಾಸ್ತ, ಒಂಟೆ, ಗೋರಂಟಿ, ಕಾಫಿ, ಖರ್ಜೂರ, ನೃತ್ಯ, ಊಟ. ಅದೇ ಪಟ್ಟಿಯನ್ನು ಹಿಡಿದುಕೊಂಡು, ಒಂದೊಂದೂ ಅಲ್ಲಿಗೆ ಎಲ್ಲಿಂದ ಬಂತು ಎಂದು ನೋಡುವುದು ಈ ಬರಹದ ಉದ್ದೇಶ.

ಮೊದಲು ಕಾರು. ದುಬೈಯಿಂದ ಹತ್ತಾ ದಾರಿಯಲ್ಲಿ ಲಹಬಾಬ್ ಎಂಬಲ್ಲಿ ಕೆಂಪು ಮರಳ ದಿಬ್ಬಗಳಿವೆ. ಹೆಚ್ಚಿನ ಸಫಾರಿಗಳು ಅಲ್ಲಿಗೇ ಹೋಗುವುದು. ಡಾಂಬರು ಮುಗಿದಲ್ಲಿ ಲ್ಯಾಂಡ್ ಕ್ರೂಸರ್‌ಗಳು ಸಾಲಾಗಿ ನಿಲ್ಲುತ್ತವೆ. ಚಾಲಕರು ಇಳಿದು ನಾಲ್ಕೂ ಟೈರುಗಳ ಗಾಳಿ ಬಿಡುತ್ತಾರೆ. ರಸ್ತೆಯ ಮೇಲೆ 35 ಪಿಎಸ್‌ಐ ಆಸುಪಾಸು ಇರುವ ಒತ್ತಡವನ್ನು 15ರ ಹತ್ತಿರಕ್ಕೆ ಇಳಿಸುತ್ತಾರೆ. ಗಾಳಿ ಕಡಿಮೆಯಾದಾಗ ಟೈರು ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಹೂತುಕೊಳ್ಳುವುದಿಲ್ಲ. ಒಂಟೆಯ ಅಗಲವಾದ ಮೆತ್ತನೆಯ ಪಾದ ಮಾಡುವ ಕೆಲಸವೂ ಇದೇ.

ಈ ಉಪಾಯವನ್ನು ಪ್ರಸಿದ್ಧಿಗೆ ತಂದವನು ರಾಲ್ಫ್ ಬ್ಯಾಗ್ನೋಲ್ಡ್ ಎಂಬ ಬ್ರಿಟಿಷ್ ಸೇನಾಧಿಕಾರಿ. 1920ರ ದಶಕದ ಕೊನೆ ಮತ್ತು 1930ರ ದಶಕದ ಆರಂಭದಲ್ಲಿ ಆತ ಗೆಳೆಯರ ಜೊತೆ ಫೋರ್ಡ್ ಕಾರುಗಳಲ್ಲಿ ಲಿಬಿಯಾದ ಮರುಭೂಮಿಯನ್ನು ಸುತ್ತಿದ. ಟೈರಿನ ಗಾಳಿ ಇಳಿಸುವುದು, ದಿಬ್ಬವನ್ನು ಅಂಜದೆ ವೇಗವಾಗಿ ಏರುವುದು, ಹೂತ ಚಕ್ರದಡಿ ಉಕ್ಕಿನ ಪಟ್ಟಿ ಇಡುವುದು ಎಲ್ಲವನ್ನೂ ಮಾಡಿ ನೋಡಿದ. ಗಾಳಿ ಬೀಸುವ ಕಡೆ ದಿಬ್ಬ ಏಕೆ ನಿಧಾನವಾಗಿ ಏರುತ್ತದೆ, ಇನ್ನೊಂದು ಕಡೆ ಏಕೆ ಸುಮಾರು 33 ಡಿಗ್ರಿ ಕಡಿದಾಗಿ ಇಳಿಯುತ್ತದೆ ಎಂಬುದನ್ನು ವಿವರಿಸುವ ಅವನ ಪುಸ್ತಕ 1941ರಲ್ಲಿ ಬಂತು, ಭೌತವಿಜ್ಞಾನಿಗಳು ಈಗಲೂ ಅದನ್ನು ಓದುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಆತ 1940ರಲ್ಲಿ ಕಟ್ಟಿದ ಮರುಭೂಮಿ ದಳ ಇದೇ ವಿದ್ಯೆಯನ್ನು ಯುದ್ಧಕ್ಕೆ ಬಳಸಿತು. ಇಂದು ಹಿಂದಿನ ಸೀಟಿನಲ್ಲಿ ಕೂತವರನ್ನು ಕಿರುಚಿಸುವ ಆಟದ ಹಿಂದೆ ಈ ಯುದ್ಧಕಾಲದ ಪಾಠವೂ ಇದೆ. ಹೋಗುವವರಿಗೆ ಒಂದು ಮಾತು: ಮಧ್ಯಾಹ್ನದ ಊಟ ಹಗುರಾಗಿರಲಿ. ಬೆನ್ನುನೋವಿರುವವರು, ಬಸುರಿಯರು ಈ ಭಾಗವನ್ನು ಬಿಟ್ಟು ನೇರವಾಗಿ ಶಿಬಿರಕ್ಕೆ ಹೋಗುವುದೇ ವಾಸಿ.

ಸೂರ್ಯಾಸ್ತಕ್ಕೆ ಕಾರು ನಿಲ್ಲುತ್ತದೆ. ಮರಳಿನಲ್ಲಿರುವ ಕಬ್ಬಿಣದ ಆಕ್ಸೈಡಿನಿಂದಾಗಿ ಆ ಹೊತ್ತಿಗೆ ದಿಬ್ಬಗಳು ಇನ್ನಷ್ಟು ಕೆಂಪಾಗುತ್ತವೆ. ಎಲ್ಲರೂ ಮೊಬೈಲು ಹಿಡಿದು ಪಶ್ಚಿಮಕ್ಕೆ ತಿರುಗುತ್ತಾರೆ. ಸ್ವಲ್ಪ ಪಕ್ಕಕ್ಕೆ ನೋಡಿದರೆ ಅಲ್ಲೊಂದು ಇಲ್ಲೊಂದು ಮರ ಕಾಣುತ್ತದೆ. ಅಲ್ಲಿ ಅದರ ಹೆಸರು 'ಘಾಫ್', ಸಸ್ಯಶಾಸ್ತ್ರದಲ್ಲಿ ಪ್ರೊಸೋಪಿಸ್ ಸಿನೆರೇರಿಯಾ. ನಮ್ಮ ಬನ್ನಿ ಮರ, ಶಮೀ ವೃಕ್ಷ. ಪಾಂಡವರು ಆಯುಧ ಬಚ್ಚಿಟ್ಟ ಮರವೆಂದು ವಿಜಯದಶಮಿಯಂದು ನಾವು ಎಲೆ ಹಂಚಿಕೊಳ್ಳುತ್ತೇವಲ್ಲ, ಅದು. ಆ ದೇಶದಲ್ಲಿ ಅದು ರಾಷ್ಟ್ರೀಯ ಮರ. ಒಂಟೆ ಆಡುಗಳಿಗೆ ಅದರ ಎಲೆ ಮೇವು, ಜನರಿಗೆ ಅದರ ನೆರಳು ಪಂಚಾಯಿತಿ ಕಟ್ಟೆ. ಬೇರು ಬಹಳ ಆಳಕ್ಕಿಳಿದು ನೀರು ಹುಡುಕುವುದರಿಂದ ಮಳೆಯಿಲ್ಲದೆಯೂ ಹಸಿರಾಗಿರುತ್ತದೆ.

ಮರುಭೂಮಿ ಖಾಲಿ ಜಾಗ ಎಂಬ ಭಾವನೆ ಕಾರಿನೊಳಗೆ ಕೂತವರಿಗೆ ಸುಲಭವಾಗಿ ಬರುತ್ತದೆ. ಹೀಗೆ ಭಾವಿಸಿದ್ದರ ಫಲವನ್ನು ಅರೇಬಿಯಾದ ಓರಿಕ್ಸ್ ಎಂಬ ಬಿಳಿ ಜಿಂಕೆ ಅನುಭವಿಸಿತು. ಒಂಟೆಯ ಮೇಲೆ ಬಂದ ಬೇಟೆಗಾರನಿಂದ ಅದು ತಪ್ಪಿಸಿಕೊಳ್ಳಬಲ್ಲದಾಗಿತ್ತು. ಕಾರು ಮತ್ತು ಹೊಸ ಬಂದೂಕು ಬಂದ ಮೇಲೆ ಆಗಲಿಲ್ಲ. 1972ರ ಹೊತ್ತಿಗೆ ಬಯಲಿನಲ್ಲಿ ಒಂದೂ ಉಳಿಯಲಿಲ್ಲ. ಮೃಗಾಲಯಗಳಲ್ಲಿ ಸಾಕಿ ಉಳಿಸಿದವುಗಳ ಸಂತತಿಯನ್ನು 1982ರಲ್ಲಿ ಓಮನ್‌ನಲ್ಲಿ ಮತ್ತೆ ಬಯಲಿಗೆ ಬಿಡಲಾಯಿತು. ದುಬೈ ಕೂಡ 225 ಚದರ ಕಿಲೋಮೀಟರ್ ಮರುಭೂಮಿಗೆ ಬೇಲಿ ಹಾಕಿ ಸಂರಕ್ಷಿಸಿದೆ. ಅಲ್ಲಿ ವಾಹನಗಳಿಗೆ ನಿರ್ಬಂಧವಿದೆ, ಓರಿಕ್ಸ್‌ಗಳು ಓಡಾಡುತ್ತವೆ.

ಕತ್ತಲಾಗುವ ಹೊತ್ತಿಗೆ ಶಿಬಿರ. ಬೇಲಿಯೊಳಗೆ ಡೇರೆಗಳು, ನೆಲದ ಮೇಲೆ ದಿಂಬು, ನಡುವೆ ವೇದಿಕೆ. ಬಾಗಿಲಲ್ಲೇ ಒಂಟೆ. ಸವಾರಿ ಐದು ನಿಮಿಷವೂ ಇರುವುದಿಲ್ಲ. ಒಂಟೆ ಏಳುವಾಗ ಮೊದಲು ಹಿಂಗಾಲು ಎತ್ತುತ್ತದೆ, ಹಿಂದಕ್ಕೆ ವಾಲಿ ಕೂರದಿದ್ದರೆ ಮುಂದಕ್ಕೆ ಮುಗ್ಗರಿಸುವುದು ಖಂಡಿತ. 'ಬೆದೂಯಿನ್ ಅನುಭವ' ಎಂದು ಫಲಕದಲ್ಲಿ ಬರೆದಿರುತ್ತದೆ.

ಈ ಬೆದೂಯಿನ್ ಚಿತ್ರವನ್ನು ಜಗತ್ತಿಗೆ ಹಂಚಿದವರಲ್ಲಿ ವಿಲ್ಫ್ರೆಡ್ ಥೆಸಿಗರ್ ಮುಖ್ಯ. 1940ರ ದಶಕದ ಕೊನೆಯಲ್ಲಿ ಎರಡು ಸಲ ಆತ 'ರುಬ್ ಅಲ್ ಖಾಲಿ' ಎಂಬ ಮಹಾಮರುಭೂಮಿಯನ್ನು ಒಂಟೆಯ ಮೇಲೆ ದಾಟಿದ. 1959ರಲ್ಲಿ 'ಅರೇಬಿಯನ್ ಸ್ಯಾಂಡ್ಸ್' ಬರೆದ. ಹಸಿವು, ಬಾಯಾರಿಕೆ, ಜೊತೆಗಾರರ ಔದಾರ್ಯ ಎಲ್ಲವೂ ಅದರಲ್ಲಿವೆ. ಕಾರು ಈ ಬದುಕನ್ನು ಮುಗಿಸಿಬಿಡುತ್ತದೆ ಎಂಬುದು ಅವನ ಕೊರಗು. 1977ರಲ್ಲಿ ಮರಳಿ ಬಂದಾಗ ಕಂಡದ್ದು ಅವನಿಗೆ ಹಿಡಿಸಲೂ ಇಲ್ಲ. ಆದರೆ ಬಾವಿಯಿಂದ ಬಾವಿಗೆ ದಿನಗಟ್ಟಲೆ ನಡೆದವರಿಗೆ ಕಾರು, ಆಸ್ಪತ್ರೆ, ಶಾಲೆ ಬೇಡವಾಗಿದ್ದವು ಎಂದು ನಾವೇಕೆ ತಿಳಿಯಬೇಕು? ಕಷ್ಟವನ್ನು ಆರಿಸಿಕೊಂಡು ಹೋದವನ ಕಣ್ಣಿಗೂ ಕಷ್ಟದಲ್ಲೇ ಹುಟ್ಟಿದವರ ಕಣ್ಣಿಗೂ ಮರುಭೂಮಿ ಒಂದೇ ಥರ ಕಾಣುವುದಿಲ್ಲ.

ಇನ್ನೊಂದು ಸಂಗತಿ ಶಿಬಿರದಲ್ಲಿ ಪೂರ್ತಿ ಮರೆಯಾಗಿದೆ. ಅದು ಸಮುದ್ರ. ಎಣ್ಣೆ ಸಿಗುವ ಮೊದಲು ದುಬೈ ಬದುಕಿದ್ದು ಕಡಲ ಮೇಲೆ. ಬೇಸಿಗೆಯ ನಾಲ್ಕು ತಿಂಗಳು ಗಂಡಸರು ಮುತ್ತು ಹೆಕ್ಕಲು ದೋಣಿ ಹತ್ತುತ್ತಿದ್ದರು. ಒಳನಾಡಿನ ಅನೇಕ ಕುಟುಂಬಗಳಲ್ಲೂ ಒಬ್ಬ ಒಂಟೆಯ ಹಿಂದೆ, ಒಬ್ಬ ದೋಣಿಯ ಮೇಲೆ, ಒಬ್ಬ ಲಿವಾದ ಖರ್ಜೂರದ ತೋಟದಲ್ಲಿ. ಮುಳುಗುಗಾರರು ನಾಖುದಾನ ಬಳಿ ಮುಂಗಡ ಪಡೆದು ವರ್ಷವರ್ಷವೂ ಸಾಲದಲ್ಲೇ ಉಳಿಯುತ್ತಿದ್ದರು. 1929ರ ಆರ್ಥಿಕ ಕುಸಿತ ಮತ್ತು ಜಪಾನಿನ ಕೃಷಿ ಮುತ್ತು ಸೇರಿ ಈ ಉದ್ಯಮವನ್ನು ನೆಲಕಚ್ಚಿಸಿದವು. ಅಂಥ ಬಡತನದ ದಶಕಗಳ ನಂತರ 1966ರಲ್ಲಿ ದುಬೈನಲ್ಲಿ ಎಣ್ಣೆ ಸಿಕ್ಕಿತು.

ಆ ವರ್ಷದವರೆಗೂ ಅಲ್ಲಿ ಚಲಾವಣೆಯಲ್ಲಿದ್ದ ಹಣ ರೂಪಾಯಿ. 1959ರಿಂದ ಭಾರತದ ರಿಸರ್ವ್ ಬ್ಯಾಂಕೇ ಕೊಲ್ಲಿಗಾಗಿ ಬೇರೆ ಬಣ್ಣದ ನೋಟು ಮುದ್ರಿಸುತ್ತಿತ್ತು. 1966ರ ಜೂನ್‌ನಲ್ಲಿ ಭಾರತ ರೂಪಾಯಿಯ ಬೆಲೆ ಇಳಿಸಿದ ಮೇಲೆ ಆ ನಂಟು ಕಡಿಯಿತು. ಅದಕ್ಕೂ ಬಹಳ ಹಿಂದೆ, ವಿಜಯನಗರದ ಕಾಲದಲ್ಲಿ ಅರಬ್ ಕುದುರೆಗಳು ಭಟ್ಕಳದಲ್ಲಿ ಇಳಿಯುತ್ತಿದ್ದವು. ಬಸರೂರು, ಮಂಗಳೂರಿನ ಅಕ್ಕಿ ಆ ಕಡೆಗೆ ಹೋಗುತ್ತಿತ್ತು. ಟಿಪ್ಪು ಸುಲ್ತಾನನ ವ್ಯಾಪಾರದ ಕೋಠಿ ಮಸ್ಕತ್ತಿನಲ್ಲಿತ್ತು. ನಾನು ಓದುವ ದಾಖಲೆಗಳಲ್ಲಿ ಅಕ್ಕಿ ಮುಡಿಗಳ ಲೆಕ್ಕ ಸಿಗುತ್ತದೆ, ಸುಂಕದ ಲೆಕ್ಕ ಸಿಗುತ್ತದೆ. ಮುಡಿ ಹೊತ್ತವರ, ದೋಣಿಯಲ್ಲಿ ಅನ್ನ ಬೇಯಿಸಿದವರ ಹೆಸರು ಸಿಗುವುದಿಲ್ಲ.

ಶಿಬಿರದಲ್ಲಿ ಮೊದಲು ಕೊಡುವುದು 'ಗಹ್ವಾ'. ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ, ಹಾಲು ಸಕ್ಕರೆ ಇಲ್ಲದ, ಏಲಕ್ಕಿ ಹಾಕಿದ ತೆಳು ಕಾಫಿ. ಸಾಕು ಅನ್ನಿಸಿದರೆ ಬಟ್ಟಲನ್ನು ಮೆಲ್ಲಗೆ ಅಲ್ಲಾಡಿಸಬೇಕು, ಇಲ್ಲದಿದ್ದರೆ ಸುರಿಯುತ್ತಲೇ ಇರುತ್ತಾರೆ. ಏಲಕ್ಕಿಯ ತವರು ನಮ್ಮ ಪಶ್ಚಿಮ ಘಟ್ಟ. ಕಾಫಿ ಯೆಮೆನ್‌ನಿಂದ ಚಿಕ್ಕಮಗಳೂರಿನ ಗಿರಿಗೆ ಬಾಬಾ ಬುಡನ್ ಜೊತೆ ಬಂತೆಂದು ನಮ್ಮ ಜನ ಹೇಳುತ್ತಾರೆ. ಅಷ್ಟು ಸಣ್ಣ ಬಟ್ಟಲಲ್ಲಿ ಎರಡು ದಿಕ್ಕಿನ ಪ್ರಯಾಣವಿದೆ.

ನೃತ್ಯದ ವಿಷಯ ಬೇರೆ. ಬಣ್ಣದ ದೊಡ್ಡ ಲಂಗ ತೊಟ್ಟು ಗಿರಗಿರ ತಿರುಗುವ 'ತನ್ನೂರಾ' ಈಜಿಪ್ಟಿನದು. ಅದರ ಮೂಲ ಸೂಫಿಗಳ ಧ್ಯಾನದ ಸುತ್ತು. ಬೆಲ್ಲಿ ಡ್ಯಾನ್ಸಿನ ಈಗಿನ ವೇದಿಕೆ ರೂಪ ಬೆಳೆದದ್ದು 1920ರ ದಶಕದ ನಂತರ ಕೈರೋದ ಮನರಂಜನಾ ಮಂದಿರಗಳಲ್ಲಿ. ರಂಜಾನ್ ತಿಂಗಳಲ್ಲಿ ಇವು ಸಾಮಾನ್ಯವಾಗಿ ಇರುವುದಿಲ್ಲ. ಆ ನೆಲದ್ದೇ ಆದ ಕಲೆಗಳು ಬೇರೆ ಇವೆ. ಒಂಟೆ ಸವಾರರು ಎರಡು ಗುಂಪಾಗಿ ಸವಾಲು ಜವಾಬಿನಂತೆ ಹಾಡುವ 'ತಘ್ರೂದಾ' 2012ರಲ್ಲೂ, ಬಿದಿರ ಕೋಲು ಹಿಡಿದು ಗಂಡಸರು ಎದುರುಬದುರು ಸಾಲಾಗಿ ಕುಣಿಯುವ 'ಅಯ್ಯಾಲಾ' 2014ರಲ್ಲೂ ಯುನೆಸ್ಕೋ ಪಟ್ಟಿಗೆ ಸೇರಿವೆ. ನಾನು ಹೋದ ಶಿಬಿರದಲ್ಲಿ ಎರಡೂ ಇರಲಿಲ್ಲ. ನಿಧಾನದ ಹಾಡಿಗೆ ಆ ವೇದಿಕೆಯಲ್ಲಿ ಸಮಯವೂ ಇಲ್ಲ. ಇದನ್ನು ನೋಡಿ ನಗುವ ಹಕ್ಕು ನಮಗಿದೆಯೇ ಎಂಬುದು ಬೇರೆ ಮಾತು. ರೆಸಾರ್ಟಿನ ಅಂಗಳದಲ್ಲಿ ಹದಿನೈದು ನಿಮಿಷದ ಯಕ್ಷಗಾನ, ಮದುವೆ ಛತ್ರದ ಬಾಗಿಲಲ್ಲಿ ಡೊಳ್ಳು ಕುಣಿತ ನಾವೂ ಏರ್ಪಡಿಸುತ್ತೇವೆ.

ಅಮ್ಮನಿಗೆ ಫೋನು ಮಾಡಲೆಂದು ಡೇರೆಗಳ ಹಿಂದಕ್ಕೆ ಹೋಗಿದ್ದೆ. ಅಲ್ಲೇ ಇದ್ದಿಲ ಒಲೆಯ ಮುಂದೆ ಕೋಳಿ ತಿರುವುತ್ತಿದ್ದವರು ನನ್ನ ಕನ್ನಡ ಕೇಳಿ ತಿರುಗಿದರು. "ಊರು ಯಾವುದು ಮಾರಾಯ್ರೆ?" ಅವರದು ಬಂಟ್ವಾಳದ ಕಡೆ. ಬಂದು ಹನ್ನೊಂದು ವರ್ಷ. ಅಡುಗೆ ಕಲಿತದ್ದು ಮುಂಬೈಯ ಹೋಟೆಲಿನಲ್ಲಿ.

"ಹೊರಗೆ ಕೂತವರಿಗೆ ಇದು ಸಾವಿರ ವರ್ಷದ ಅರಬರ ಊಟ," ಎಂದು ನಕ್ಕರು. "ನನಗೆ ಇದು ಸಂಜೆ ಪಾಳಿ."

ನನ್ನ ಸಂಶೋಧನೆ ಮಂಗಳೂರಿನ ಅಕ್ಕಿಯ ಮೇಲೆ ಎಂದೆ. "ಇಲ್ಲಿ ಈಗ ಬಾಸ್ಮತಿ. ಕುಚ್ಚಲಕ್ಕಿ ಬೇಕಾದ್ರೆ ನಮ್ಮ ರೂಮಿಗೆ ಬರಬೇಕು." ಇಷ್ಟು ಚಂದದ ಜಾಗದಲ್ಲಿ ಕೆಲಸ, ದಿನಾ ಸೂರ್ಯಾಸ್ತ ಕಾಣುತ್ತದಲ್ಲ ಎಂದು ಕೇಳಿದೆ. "ಹನ್ನೊಂದು ವರ್ಷದಲ್ಲಿ ಎರಡು ಸಲ ನೋಡಿದ್ದೇನೆ. ಆ ಹೊತ್ತಿಗೆ ಕೋಳಿ ಕೆಂಡದ ಮೇಲಿರ್ತದೆ ಅಲ್ವಾ."

ಈ ಶಿಬಿರ ನಕಲಿ ಎಂದು ಹೇಳಿ ಮುಗಿಸುವುದು ಸುಲಭ. ನಾನು ಹಾಗೆ ಹೇಳಲಾರೆ. ಫಲಕದಲ್ಲಿ ಬರೆದಿರುವ ಇತಿಹಾಸ ಅಲ್ಲಿ ಇಲ್ಲ, ನಿಜ. ಆದರೆ ಬರೆಯದೇ ಬಿಟ್ಟ ಇತಿಹಾಸ ಅಲ್ಲಿ ಪ್ರತಿ ಸಂಜೆ ನಡೆಯುತ್ತಿದೆ. ನಮ್ಮ ಕಾರಿನ ಚಾಲಕ ಪೇಶಾವರದವರು, ಗೋರಂಟಿ ಹಾಕುತ್ತಿದ್ದ ಹೆಂಗಸು ಹೈದರಾಬಾದಿನವರು, ಒಲೆಯ ಮುಂದೆ ಬಂಟ್ವಾಳದವರು. ಹಿಂದೂ ಮಹಾಸಾಗರದ ಹಳೆಯ ಬಂದರುಗಳು ಹೀಗೇ ಇದ್ದವು: ಹಲವು ಭಾಷೆ, ಹಲವು ಕಸುಬು, ದೂರದ ಮನೆ. ಇನ್ನೂರು ವರ್ಷದ ನಂತರ ಯಾರಾದರೂ ಈ ಶಿಬಿರದ ದಾಖಲೆ ತೆಗೆದರೆ ಎಷ್ಟು ಟಿಕೆಟ್ಟು ಮಾರಿತು, ಎಷ್ಟು ಕಿಲೋ ಬಾಸ್ಮತಿ ಬಂತು ಎಂಬ ಲೆಕ್ಕ ಸಿಗಬಹುದು. ಸೂರ್ಯಾಸ್ತವನ್ನು ಎರಡೇ ಸಲ ನೋಡಿದವರ ಬಗ್ಗೆ ಅದರಲ್ಲಿ ಏನೂ ಇರುವುದಿಲ್ಲ. ನನ್ನ ಅಕ್ಕಿ ಮುಡಿಗಳ ಲೆಕ್ಕದಲ್ಲಿ ಆಗಿರುವುದೂ ಇದೇ. ಹಾಗಾಗಿ ಆ ರಾತ್ರಿ ಟಿಪ್ಪಣಿ ಪುಸ್ತಕದಲ್ಲಿ ಬೆಲೆಗಳ ಬದಲು ಅವರ ಮಾತುಗಳನ್ನೇ ಬರೆದುಕೊಂಡೆ.

ಕೊನೆಗೆ ಕೆಲವು ಶಿಬಿರಗಳಲ್ಲಿ ಐದು ನಿಮಿಷ ದೀಪ ಆರಿಸುತ್ತಾರೆ. ಆಗ ಮಾತು ನಿಲ್ಲಿಸಿ ಮೇಲೆ ನೋಡಿ. ಚಳಿಗಾಲವಾದರೆ ಪೂರ್ವದಲ್ಲಿ ಕೆಂಪಗೆ ಹೊಳೆಯುವುದು ನಮ್ಮ ರೋಹಿಣಿ, ಅರಬರ 'ಅಲ್ ದಬರಾನ್', ಅಂದರೆ ಹಿಂಬಾಲಿಸುವವನು. ಕೃತ್ತಿಕೆಯ ಹಿಂದೆಯೇ ಬರುವುದರಿಂದ ಆ ಹೆಸರು. ಈ ಕರಾವಳಿಯ ಜುಲ್ಫಾರ್‌ನಲ್ಲಿ ಹುಟ್ಟಿದ ಇಬ್ನ್ ಮಾಜಿದ್ ಹದಿನೈದನೇ ಶತಮಾನದಲ್ಲಿ ಹಿಂದೂ ಮಹಾಸಾಗರದ ನಾವಿಕರಿಗಾಗಿ ನಕ್ಷತ್ರಗಳ ದಾರಿ ಬರೆದಿಟ್ಟ. ಮರಳಿನವರಿಗೂ ಕಡಲಿನವರಿಗೂ ದಿಕ್ಕು ತೋರಿಸಿದ್ದು ಅದೇ ಆಕಾಶ. ದೀಪ ಮತ್ತೆ ಹತ್ತಿದ ಮೇಲೆ ಊಟಕ್ಕೆ ಸಾಲು ನಿಲ್ಲುತ್ತದೆ. ತಟ್ಟೆ ಹಿಡಿದು ನಿಂತಾಗ ಬಡಿಸುವವರನ್ನು ಊರು ಯಾವುದೆಂದು ಕೇಳಿ. ಉತ್ತರ ಕನ್ನಡದಲ್ಲೇ ಬಂದರೂ ಬರಬಹುದು.